ಕರಿ ಸೀರೆ ಕರಿಯಾಗಿಯೇ ಬಂದ ಬಗೆ

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಚಿಕ್ಕ ಸ್ಟುಡಿಯೊ. ಮದುವೆಯ ಸುಗ್ಗಿ ಮುಗಿದರೆ ಇಳಕಲ್ ಸೀರೆ ವ್ಯಾಪಾರಿಗಳ ಕೆಲಸ ಬರುತ್ತದೆ. ಮೊದಲ ಸಲ ತೆಗೆದ ಚಂದ್ರಕಾಳಿ ಸೀರೆಯ ಚಿತ್ರ ನೋಡಿ ಅಂಗಡಿಯ ಹಿರಿಯರು, "ತಮ್ಮಾ, ನಾನು ಕೊಟ್ಟಿದ್ದು ಕರಿ ಸೀರೆ. ಇದು ಯಾರ ಮನೆಯದು?" ಎಂದರು.

ಫ್ಲ್ಯಾಶನ್ನು ಆಟೋಮ್ಯಾಟಿಕ್ ಮೋಡಿನಲ್ಲಿ ಇಟ್ಟಿದ್ದೆ, ಎಷ್ಟು ಬೆಳಕು ಬೇಕೆಂದು ಕ್ಯಾಮೆರಾವೇ ತೀರ್ಮಾನಿಸುತ್ತಿತ್ತು. ಕ್ಯಾಮೆರಾ ಅಳೆಯುವುದು ಬಟ್ಟೆಯಿಂದ ಮರಳಿ ಬರುವ ಬೆಳಕನ್ನು. ಬಟ್ಟೆ ಕರಿಯೋ ಬಿಳಿಯೋ ಅದಕ್ಕೆ ತಿಳಿಯದು, ಎಲ್ಲವನ್ನೂ ನಡುಮಟ್ಟದ ಬೂದು ಬಣ್ಣಕ್ಕೆ ಎಳೆಯುತ್ತದೆ. ಒಡಲು ಬೂದು ಬಣ್ಣಕ್ಕೆ ತಿರುಗಿತು, ಕೆಂಪು ಸೆರಗಿನ ಬಿಳಿ ತೆನೆಗಳು ಬೆಳಕು ಹೆಚ್ಚಾಗಿ ಗೆರೆಯೇ ಕಾಣದಷ್ಟು ಬೆಳ್ಳಗಾದವು.

ಕೈಯಲ್ಲಿ ಹಿಡಿಯುವ ಹಳೆಯ ಸೆಕೊನಿಕ್ ಲೈಟ್ ಮೀಟರ್, ಅಂದರೆ ಬೆಳಕು ಅಳೆಯುವ ಸಾಧನ, ಕೊಂಡದ್ದು ಆಮೇಲೆ. ಅದರ ಬಿಳಿ ಗುಮ್ಮಟ ಬಟ್ಟೆಯ ಮೇಲೆ ಬೀಳುವ ಬೆಳಕನ್ನೇ ಅಳೆಯುತ್ತದೆ, ಬಣ್ಣದ ಗೊಡವೆ ಅದಕ್ಕಿಲ್ಲ. ಸೀರೆಗೆ ತಾಗುವಂತೆ ಹಿಡಿದು, ಗುಮ್ಮಟವನ್ನು ಕ್ಯಾಮೆರಾದತ್ತ ತಿರುಗಿಸಿ, ಫ್ಲ್ಯಾಶ್ ಹೊಡೆದೆ. ಮೀಟರ್ ಹೇಳುವುದು ಲೆನ್ಸಿನ ಕಿಂಡಿಯ ಅಂಕಿಯನ್ನು, ಬೆಳಕು ಹೆಚ್ಚಿದಷ್ಟೂ ಅದು ದೊಡ್ಡದು. ಮೇಲ್ತುದಿಯಲ್ಲಿ ಎಫ್/11, ಕೆಳಗಿನ ದಡಿಯ ಬಳಿ ಎಫ್/5.6! ಎರಡು ಸ್ಟಾಪ್, ಅಂದರೆ ನಾಲ್ಕು ಪಟ್ಟು ಬೆಳಕಿನ ವ್ಯತ್ಯಾಸ ನನ್ನ ಕಣ್ಣಿಗೆ ಕಂಡೇ ಇರಲಿಲ್ಲ. ಕಣ್ಣು ಬೇಗ ಹೊಂದಿಕೊಳ್ಳುತ್ತದೆ, ಅದನ್ನು ನಂಬಿ ಹತ್ತು ವರ್ಷ ದುಡಿದವನು ನಾನು.

ಎರಡೂ ಫ್ಲ್ಯಾಶ್ ಲೈಟು ಮೇಲ್ತುದಿಗೆ ಮೂರು ಅಡಿ ದೂರದಲ್ಲಿದ್ದವು, ಕೆಳಗಿನ ದಡಿಗೆ ಸುಮಾರು ಆರು. ದೂರ ಇಮ್ಮಡಿಯಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಅವನ್ನು ಸೀರೆಯಿಂದ ಒಂಬತ್ತು ಅಡಿ ದೂರಕ್ಕೆ, ಕೋಣೆಯ ಮೂಲೆಗಳಿಗೆ ತಳ್ಳಿ, ಸೀರೆಯ ನಡುಮಟ್ಟಕ್ಕೆ ಇಳಿಸಿದೆ. ಬೆಳಕು ಒಂಬತ್ತನೇ ಒಂದಕ್ಕೆ ಕುಸಿದಿದ್ದರಿಂದ ಎಂಟನೇ ಒಂದು ಶಕ್ತಿಯಲ್ಲಿದ್ದ ಫ್ಲ್ಯಾಶ್‌ಗಳನ್ನು ಪೂರ್ತಿಗೆ ಏರಿಸಬೇಕಾಯಿತು. ಒಂದನ್ನು ಬಂದ್ ಮಾಡಿ ಇನ್ನೊಂದನ್ನು ಅಳೆದೆ, ಎರಡೂ ಸಮವಾಗುವವರೆಗೆ ತಿದ್ದಿದೆ. ಕೊನೆಗೆ ಎರಡನ್ನೂ ಹಚ್ಚಿ ನಾಲ್ಕು ಮೂಲೆ, ನಡುವೆ ಒಂದು, ಹೀಗೆ ಐದು ಕಡೆ ಹಿಡಿದೆ. ಎಲ್ಲ ಕಡೆ ಒಂದೇ ಅಂಕಿ. ದೂರ ಹೋದ ಲೈಟು ತುಸು ಗಡುಸಾಗುತ್ತದೆ, ನೆರಳಿನ ಅಂಚು ಚೂಪಾಗುತ್ತದೆ. ನೇಯ್ಗೆಯ ಎಳೆ ಕಾಣಲು ನನಗೆ ಅದೇ ಬೇಕಿತ್ತು.

ಇಷ್ಟೆಲ್ಲ ಮಾಡಿಯೂ ಹನ್ನೆರಡು ಸೀರೆಗಳ ಚಿತ್ರ ಕತ್ತಲೆಯಾದವು. ಕ್ಯಾಮೆರಾದಲ್ಲಿ ಐಎಸ್‌ಒ 100, ಮೀಟರಿನಲ್ಲಿ 400! ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂದು ಹೇಳುವ ಈ ಅಂಕಿ ಎರಡರಲ್ಲೂ ಒಂದೇ ಇರಬೇಕು. ಮೀಟರಿಗೆ ಬೈದು ಮುಗಿಸಿದ ಮೇಲೆ ಗೊತ್ತಾಯಿತು. ಮತ್ತೊಮ್ಮೆ, ನನ್ನ ಮೈಯ ನೆರಳೇ ಗುಮ್ಮಟದ ಮೇಲೆ ಬಿದ್ದು ಅಂಕಿ ಇಳಿದಿತ್ತು. ಈಗ ಪಕ್ಕಕ್ಕೆ ನಿಂತು ಕೈ ಚಾಚುತ್ತೇನೆ.

ಸೀರೆ ಉಟ್ಟವರ ಚಿತ್ರಕ್ಕೆ ಈ ಸಮಬೆಳಕು ಸಪ್ಪೆ. ಅಲ್ಲಿ ಒಂದು ಲೈಟು ಎಫ್/8 ಇದ್ದರೆ ಇನ್ನೊಂದನ್ನು ಎಫ್/5.6ಕ್ಕೆ ಇಳಿಸುತ್ತೇನೆ, ನೆರಿಗೆಗಳು ಎದ್ದು ಕಾಣುತ್ತವೆ. ರೇಷ್ಮೆಯ ದಡಿ ತೀರಾ ಹೊಳೆದರೆ ಮಾತ್ರ ಮೀಟರಿನ ಮಾತು ಮೀರಿ ಇನ್ನೂ ಮೂರನೇ ಒಂದು ಸ್ಟಾಪ್ ಕಡಿಮೆ ಮಾಡುತ್ತೇನೆ.

ಸ್ಟ್ಯಾಂಡಿನ ಜಾಗಕ್ಕೆ ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿದ್ದೇನೆ. ಸೋಮವಾರ ನೆಲ ಒರೆಸುವಾಗ ಅದು ಅಳಿಸಿಹೋಗುತ್ತದೆ, ಮಂಗಳವಾರ ಮತ್ತೆ ಮೊದಲಿನಿಂದ ಅಳೆಯುತ್ತೇನೆ.