ಮಾನಿಟರ್ ಕೊಳ್ಳುವ ಮೊದಲು ಕಾರ್ಡನ್ನೇ ಕೇಳಿ ನೋಡಿದೆ

ಗ್ರಾಫಿಕ್ಸ್ ಕಾರ್ಡ್‌ಗೆ ಕೈತುಂಬ ದುಡ್ಡು ಹಾಕಿ, ಅದನ್ನು 60 ಹರ್ಟ್ಜ್‌ನ ಹಳೇ ಮಾನಿಟರ್‌ಗೆ ಸಿಕ್ಕಿಸಿಕೊಂಡು ಆಡುವವರು ನಮ್ಮ ಚಿಕ್ಕಮಗಳೂರಲ್ಲೇ ಬೇಕಾದಷ್ಟು ಜನ ಇದ್ದಾರೆ. ಕಾರ್ಡ್ ಸೆಕೆಂಡಿಗೆ 150 ಫ್ರೇಮ್, ಅಂದರೆ 150 ಚಿತ್ರ, ತಯಾರು ಮಾಡಿದರೂ ಆ ಪರದೆ ಬದಲಾಗುವುದು 60 ಸಲ ಮಾತ್ರ. ಮಿಕ್ಕಿದ್ದಕ್ಕೆ ಕೊಟ್ಟ ದುಡ್ಡು ಕಣ್ಣಿಗೆ ಕಾಣುವುದೇ ಇಲ್ಲ. ನಾನು ಎನ್ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4070 ಟಿಐ ಸೂಪರ್ ಕಾರ್ಡ್ ತಂದಾಗ ನನ್ನ ಮೇಜಿನ ಮೇಲಿದ್ದದ್ದೂ 24 ಇಂಚಿನ 1080ಪಿ ಮಾನಿಟರ್ರೇ. ಹೊಸದು ಬೇಕು ಅನ್ನೋದರಲ್ಲಿ ಅನುಮಾನ ಇರಲಿಲ್ಲ. 1440ಪಿ ತರೋದಾ, 4ಕೆ ತರೋದಾ ಅನ್ನೋದೇ ಪ್ರಶ್ನೆ. ಇವೆಲ್ಲ ರೆಸಲ್ಯೂಷನ್, ಅಂದರೆ ಪರದೆಯಲ್ಲಿ ಎಷ್ಟು ಚುಕ್ಕಿ (ಪಿಕ್ಸೆಲ್) ಇವೆ ಅನ್ನೋ ಲೆಕ್ಕ.

ಇದಕ್ಕೆ ಯಾರ ಅಭಿಪ್ರಾಯವೂ ಬೇಕಾಗಿಲ್ಲ. ಉತ್ತರ ಕಾರ್ಡ್ ಹತ್ತಿರವೇ ಇರುತ್ತದೆ. ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆದು, ಮ್ಯಾನೇಜ್ 3ಡಿ ಸೆಟ್ಟಿಂಗ್ಸ್‌ಗೆ ಹೋದರೆ ಡಿಎಸ್‌ಆರ್ ಫ್ಯಾಕ್ಟರ್ಸ್ ಅಂತ ಒಂದು ಸಾಲು ಸಿಗುತ್ತದೆ. ಅಲ್ಲಿ 1.78 ಮತ್ತು 4.00 ಎರಡಕ್ಕೂ ಟಿಕ್ ಹಾಕಿ. ಆಮೇಲೆ 1080ಪಿ ಮಾನಿಟರ್ ಇದ್ದರೂ ಆಟದ ರೆಸಲ್ಯೂಷನ್ ಪಟ್ಟಿಯಲ್ಲಿ 2560x1440, 3840x2160 ಕೂಡ ಬರುತ್ತವೆ. ಕಾರ್ಡ್ ನಿಜವಾಗಿಯೂ ಅಷ್ಟು ದೊಡ್ಡ ಚಿತ್ರ ಬರೆದು, ಆಮೇಲೆ ಕುಗ್ಗಿಸಿ ಹಳೇ ಪರದೆಗೆ ಕಳಿಸುತ್ತದೆ. ಅಂದರೆ ಹೊಸ ಮಾನಿಟರ್ ಮನೆಗೆ ಬರುವ ಮೊದಲೇ ಅದರ ಭಾರ ಎಷ್ಟು ಅಂತ ಗೊತ್ತಾಗುತ್ತದೆ. ಎಎಮ್‌ಡಿ ಕಾರ್ಡ್ ಇರುವವರಿಗೆ ಇದೇ ಕೆಲಸಕ್ಕೆ ವರ್ಚುವಲ್ ಸೂಪರ್ ರೆಸಲ್ಯೂಷನ್ ಇದೆ. ಅಳೆಯುವಾಗ ಆಟದೊಳಗಿನ ವಿ-ಸಿಂಕ್ (ಫ್ರೇಮ್‌ಗಳನ್ನು ಮಾನಿಟರ್‌ನ ವೇಗಕ್ಕೆ ಕಟ್ಟಿಹಾಕುವ ಸೆಟ್ಟಿಂಗ್) ಆಫ್ ಮಾಡಿರಬೇಕು, ಇಲ್ಲಾಂದ್ರೆ ಲೆಕ್ಕ 60ಕ್ಕೇ ನಿಂತುಬಿಡುತ್ತದೆ. ಎನ್ವಿಡಿಯಾ ಆಪ್ ಇದ್ದರೆ ಆಲ್ಟ್ ಮತ್ತು ಆರ್ ಒತ್ತಿದರೆ ಫ್ರೇಮ್ ಲೆಕ್ಕ, ಕಾರ್ಡ್ ಎಷ್ಟು ಶೇಕಡ ದುಡಿಯುತ್ತಿದೆ ಅನ್ನೋದು ಮೂಲೆಯಲ್ಲಿ ಕಾಣುತ್ತದೆ.

ನನಗೆ ಕಂಡದ್ದು ಇಷ್ಟು. 1080ಪಿಯಲ್ಲಿ ವ್ಯಾಲೊರಂಟ್ ಆಡುವಾಗ ಕಾರ್ಡ್ ಅರ್ಧದಷ್ಟೂ ದುಡಿಯುತ್ತಿರಲಿಲ್ಲ. ಪ್ರೊಸೆಸರ್ ತನ್ನ ಪಾಲಿನ ಲೆಕ್ಕ ಮುಗಿಸಿ ಕೊಡುವ ತನಕ ಅದು ಸುಮ್ನೆ ಕಾಯುತ್ತದೆ. ಸೈಬರ್‌ಪಂಕ್ 2077 ಅನ್ನು ರೇ ಟ್ರೇಸಿಂಗ್ (ಬೆಳಕು, ನೆರಳನ್ನು ನಿಜದಂತೆ ಲೆಕ್ಕ ಹಾಕುವುದು) ಇಲ್ಲದೆ, ಉಳಿದ ಸೆಟ್ಟಿಂಗ್ ಎಲ್ಲ ಮೇಲಿಟ್ಟು 1440ಪಿಯಲ್ಲಿ ಓಡಿಸಿದೆ. ಕಾರ್ಡ್ ಹತ್ತಿರ ಹತ್ತಿರ ಪೂರ್ತಿ ದುಡಿಯಿತು, 100 ಫ್ರೇಮ್‌ನ ಆಸುಪಾಸು ಬಂತು. 4ಕೆಗೆ ಹಾಕಿದ ಕೂಡಲೇ 50ರ ಆಚೀಚೆಗೆ ಇಳಿಯಿತು. ಇದರಲ್ಲಿ ಆಶ್ಚರ್ಯ ಏನಿಲ್ಲ. 1080ಪಿಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್, 1440ಪಿಯಲ್ಲಿ 36.9 ಲಕ್ಷ, 4ಕೆಯಲ್ಲಿ 82.9 ಲಕ್ಷ. 1440ಪಿಯಿಂದ 4ಕೆಗೆ ಹೋಗೋದು ಅಂದ್ರೆ ಎರಡೂಕಾಲು ಪಟ್ಟು ಕೆಲಸ.

ಎನ್ವಿಡಿಯಾದ ಡಿಎಲ್‌ಎಸ್‌ಎಸ್ ತಂತ್ರ ಹಾಕಿದರೆ 4ಕೆ ಆಗುತ್ತಲ್ವಾ ಅಂತ ಕೇಳಬಹುದು. ಆಗುತ್ತದೆ. 4ಕೆಯಲ್ಲಿ ಕ್ವಾಲಿಟಿ ಮೋಡ್ ಹಾಕಿದಾಗ ಕಾರ್ಡ್ ಒಳಗೆ ಬರೆಯುವುದು 1440ಪಿ ಚಿತ್ರವನ್ನೇ, ಆಮೇಲೆ ಹಿಗ್ಗಿಸುತ್ತದೆ. ನಿಧಾನವಾಗಿ ಕಥೆ ನೋಡುತ್ತಾ ಆಡುವವರಿಗೆ ಅದು ಒಳ್ಳೇ ದಾರಿ. ನನಗೆ ಮಾತ್ರ ಫ್ರೇಮ್ ಜಾಸ್ತಿ ಇರಬೇಕು. 60 ಹರ್ಟ್ಜ್‌ನಲ್ಲಿ ಒಂದೊಂದು ಚಿತ್ರ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 144ರಲ್ಲಿ 6.9, 240ರಲ್ಲಿ 4.2. 60ರಿಂದ 144ಕ್ಕೆ ಬಂದಾಗ ಮೌಸ್ ಅಲುಗಾಡಿಸಿದರೇ ವ್ಯತ್ಯಾಸ ಗೊತ್ತಾಗುತ್ತದೆ. ಅಲ್ಲಿಂದ 240ಕ್ಕೆ ಉಳಿಯುವುದು ಮೂರು ಮಿಲಿಸೆಕೆಂಡ್‌ಗೂ ಕಡಿಮೆ. 240ಕ್ಕೆ ಹೋಗುವ ದುಡ್ಡನ್ನು ಒಳ್ಳೇ ಪ್ಯಾನೆಲ್‌ಗೆ, ಅಂದರೆ ಚಿತ್ರ ತೋರಿಸುವ ಪರದೆಯ ಗುಣಕ್ಕೆ, ಹಾಕೋದೇ ಸರಿ ಅಂತ ನನ್ನ ಲೆಕ್ಕ. ಹಾಗಾಗಿ 1440ಪಿ, 165 ಅಥವಾ 180 ಹರ್ಟ್ಜ್ ಅಂತ ಗಟ್ಟಿ ಮಾಡಿಕೊಂಡೆ.

ಅಳತೆಗೆ ರಟ್ಟು ಕತ್ತರಿಸಿದೆ. 27 ಇಂಚಿನ ಪರದೆ ಅಂದರೆ ಅಗಲ ಸುಮಾರು 60 ಸೆಂಟಿಮೀಟರ್, ಎತ್ತರ 34. 32 ಇಂಚು ಅಂದರೆ 71, 40. ಫ್ಯಾನ್ ಬಂದಿದ್ದ ಪೆಟ್ಟಿಗೆಯಲ್ಲೇ ಎರಡೂ ತುಂಡು ಆದವು. ಹಳೇ ಮಾನಿಟರ್ ತೆಗೆದು, ಆ ಜಾಗದಲ್ಲಿ ಒಂದೊಂದಾಗಿ ಗೋಡೆಗೆ ಒರಗಿಸಿ ಕೂತು ನೋಡಿದೆ. ನನ್ನ ಮೇಜಿನ ಆಳ 60 ಸೆಂಟಿಮೀಟರ್ ಮಾತ್ರ. ಸ್ಟ್ಯಾಂಡ್‌ನ ಕಾಲು ಹಿಂದೆ ಜಾಗ ತಿನ್ನುತ್ತೆ, ಪರದೆ ಇನ್ನೂ ಮುಂದೆ ಬರುತ್ತೆ. 32 ಇಂಚಿನ ರಟ್ಟಿನಲ್ಲಿ, ಆಟದ ಮ್ಯಾಪ್ ಬರುವ ಮೂಲೆ ನೋಡಲು ಪ್ರತಿ ಸಲ ಕತ್ತು ತಿರುಗಿಸಬೇಕಿತ್ತು. 27ರಲ್ಲಿ ಕಣ್ಣು ಹೊರಳಿಸಿದರೆ ಸಾಕು. ಖರ್ಚಿಲ್ಲದ ಕೆಲಸ, ಮಾಡಿ ನೋಡಿ.

ಹಾಸನದ ಸಾಲಗಾಮೆ ರಸ್ತೆಯಲ್ಲಿ ನಮ್ಮ ದೊಡ್ಡಮ್ಮನ ಮಗ ಇದ್ದಾನೆ. ಅವನ ಹತ್ತಿರ 32 ಇಂಚಿನ, ಬಾಗಿದ, ವಿಎ ಅನ್ನೋ ಬಗೆಯ ಪ್ಯಾನೆಲ್‌ನ 1440ಪಿ ಮಾನಿಟರ್ ಇದೆ. "ಬೆಂಗಳೂರಿಗೆ ಹೋಗಿ ನೋಡೋ ಮೊದ್ಲು ಇಲ್ಲಿ ಕೂತ್ಕೊಂಡು ಒಂದಿಷ್ಟು ಆಡೋ, ಗೊತ್ತಾಗುತ್ತೆ" ಅಂದ. ಆಡಿದೆ. ಕಪ್ಪು ಬಹಳ ಚೆನ್ನಾಗಿದೆ. ವಿಎ ಪ್ಯಾನೆಲ್‌ನಲ್ಲಿ ಕಾಂಟ್ರಾಸ್ಟ್, ಅಂದರೆ ಬಿಳಿಗೂ ಕಪ್ಪಿಗೂ ಇರುವ ಅಂತರ, ಸಾಮಾನ್ಯವಾಗಿ 3000ಕ್ಕೆ 1 ಇರುತ್ತದೆ, ಐಪಿಎಸ್ ಅನ್ನೋ ಇನ್ನೊಂದು ಬಗೆಯಲ್ಲಿ 1000ಕ್ಕೆ 1. ಆದರೆ ರಾತ್ರಿಯ ಕಾಡಿನ ದೃಶ್ಯದಲ್ಲಿ ಕ್ಯಾಮೆರಾ ತಿರುಗಿಸಿದಾಗ ಮರಗಳ ಕಪ್ಪು ಹಿಂದೆ ಹಿಂದೆಯೇ ಇಂಗಿದ ಶಾಯಿಯ ಹಾಗೆ ಎಳೆದುಕೊಂಡು ಬರುತ್ತಿತ್ತು. "ಅಣ್ಣಾ, ಇದು ನಿನಗೆ ಕಾಣಲ್ವಾ?" ಅಂತ ಕೇಳಿದೆ. "ಅಭ್ಯಾಸ ಆಗ್ಬಿಟ್ಟಿದೆ" ಅಂದ. ಅಕ್ಷರಗಳೂ ಸ್ವಲ್ಪ ದಪ್ಪ. 32 ಇಂಚಲ್ಲಿ 1440ಪಿ ಅಂದರೆ ಇಂಚಿಗೆ ಸುಮಾರು 92 ಪಿಕ್ಸೆಲ್, 24 ಇಂಚಿನ 1080ಪಿಯಲ್ಲಿ ಇರುವಷ್ಟೇ. 27 ಇಂಚಲ್ಲಿ ಅದು 109 ಆಗುತ್ತದೆ. ಮದುವೆ ಮತ್ತು ಹೋಮ್‌ಸ್ಟೇ ವಿಡಿಯೋ ಎಡಿಟ್ ಮಾಡುವುದು ನನ್ನ ಹಗಲಿನ ಕೆಲಸ, ಅಕ್ಷರ ಚೂಪಾಗಿರಲೇಬೇಕು.

ಬೆಂಗಳೂರಿನ ಅಂಗಡಿಯೊಂದರಲ್ಲಿ ಒಎಲ್‌ಇಡಿ (ಪ್ರತಿ ಪಿಕ್ಸೆಲ್ ತಾನೇ ಬೆಳಗುವ ಪರದೆ) ನೋಡಿದೆ. ಅದರ ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲ, ಇದನ್ನು ಮನಸಾರೆ ಒಪ್ಪುತ್ತೇನೆ. ಆದರೆ ಎಡಿಟಿಂಗ್ ಟೈಮ್‌ಲೈನ್, ಕೆಳಗಿನ ಟಾಸ್ಕ್‌ಬಾರ್ ದಿನವಿಡೀ ಅಲ್ಲೇ ನಿಂತಿರುತ್ತವೆ. ನಿಂತ ಚಿತ್ರ ಒಎಲ್‌ಇಡಿಯಲ್ಲಿ ಕಾಲ ಕಳೆದಂತೆ ಅಚ್ಚಾಗಿ ಉಳಿಯಬಹುದು. ಬರೀ ಆಟಕ್ಕೆ ಕೊಳ್ಳುವವನಾಗಿದ್ದರೆ ಹೆಚ್ಚು ದುಡ್ಡು ಕೂಡಿಸಿ ಅದನ್ನೇ ತರುತ್ತಿದ್ದೆ. ಅಂಗಡಿಯಲ್ಲಿ ನೋಡುವವರು ಒಂದು ವಿಷಯ ನೆನಪಿಟ್ಟುಕೊಳ್ಳಿ: ಅಲ್ಲಿನ ಬೆಳಕಲ್ಲಿ ಐಪಿಎಸ್‌ನ ಮೂಲೆಗಳ ಬಿಳಿಚು ಹೊಳಪು ಕಾಣುವುದಿಲ್ಲ, ಮನೆಯಲ್ಲಿ ದೀಪ ಆರಿಸಿದಾಗ ಕಾಣುತ್ತದೆ. "ಸಾರ್, ನನ್ನ ಪೆನ್‌ಡ್ರೈವ್ ಹಾಕಿ ಒಂದು ವಿಡಿಯೋ ತೋರಿಸ್ತೀರಾ?" ಅಂತ ಕೇಳಿದರೆ ಬೇಡ ಅನ್ನುವುದಿಲ್ಲ. ಕತ್ತಲೆ ದೃಶ್ಯಗಳನ್ನೇ ತುಂಬಿಕೊಂಡು ಹೋಗಿ. ಇನ್ನು ಪೆಟ್ಟಿಗೆ ಮೇಲಿನ ಎಚ್‌ಡಿಆರ್ 400 (ಹೊಳಪು, ಕತ್ತಲೆಯನ್ನು ಎದ್ದು ಕಾಣಿಸುವ ಎಚ್‌ಡಿಆರ್ ಸೌಲಭ್ಯದ ಒಂದು ಮಟ್ಟ) ಮುದ್ರೆ ನೋಡಿ ದುಡ್ಡು ಹೆಚ್ಚು ಕೊಡಬೇಡಿ. ಆ ಮಟ್ಟಕ್ಕೆ ಲೋಕಲ್ ಡಿಮ್ಮಿಂಗ್ (ಪರದೆಯ ಹಿಂಬೆಳಕನ್ನು ಭಾಗಭಾಗವಾಗಿ ಮಂದ ಮಾಡುವುದು) ಇರಲೇಬೇಕು ಅಂತಿಲ್ಲ, ಅದಿಲ್ಲದೆ ಎಚ್‌ಡಿಆರ್ ಕಳೆಗಟ್ಟುವುದಿಲ್ಲ.

ಕೊನೆಗೆ ತಂದದ್ದು 27 ಇಂಚು, 1440ಪಿ, ಐಪಿಎಸ್, 180 ಹರ್ಟ್ಜ್. 20,000 ರೂಪಾಯಿಯ ಆಸುಪಾಸಿನಲ್ಲಿ ಸಿಕ್ಕಿತು. ಬಂದ ತಕ್ಷಣ ಪೆಟ್ಟಿಗೆ ಬಿಚ್ಚುವುದನ್ನು ವಿಡಿಯೋ ಮಾಡಿಕೊಂಡೆ. ಪರದೆ ಪೂರ್ತಿ ಕೆಂಪು, ಹಸಿರು, ನೀಲಿ, ಬಿಳಿ, ಕಪ್ಪು ಮಾಡಿ ಸತ್ತ ಪಿಕ್ಸೆಲ್ ಇದೆಯಾ ನೋಡಿದೆ.

ಜೋಡಿಸುವ ವಿಷಯಕ್ಕೆ ಬರೋಣ. ಒಳ್ಳೇ ಮಾನಿಟರ್‌ಗಳು ಇಲ್ಲೇ ಅನ್ಯಾಯವಾಗಿ ಸೊರಗುತ್ತವೆ. ಕೇಬಲ್ ಕಾರ್ಡ್‌ಗೇ ಹೋಗಬೇಕು, ಮದರ್‌ಬೋರ್ಡ್‌ನ ಪೋರ್ಟ್‌ಗೆ ಅಲ್ಲ. ಎಚ್‌ಡಿಎಂಐ ಬದಲು ಡಿಸ್‌ಪ್ಲೇ ಪೋರ್ಟ್ ಬಳಸಿ. ಎಷ್ಟೋ ಮಾನಿಟರ್‌ಗಳಲ್ಲಿ ಇರುವುದು ಎಚ್‌ಡಿಎಂಐ 2.0, ಅದರಲ್ಲಿ 1440ಪಿ ಸಾಮಾನ್ಯವಾಗಿ 144 ಹರ್ಟ್ಜ್‌ಗೇ ನಿಲ್ಲುತ್ತದೆ. ನನ್ನ ಕಾರ್ಡ್‌ನಲ್ಲಿ ಡಿಸ್‌ಪ್ಲೇ ಪೋರ್ಟ್ 1.4ಎ ಮೂರು ಇವೆ, 180ಕ್ಕೆ ಧಾರಾಳ. ಇಷ್ಟಾದರೂ ವಿಂಡೋಸ್ ಮೊದಲ ಸಲ 60ರಲ್ಲೇ ಇಟ್ಟುಕೊಂಡಿತ್ತು. ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇ ಒಳಗೆ ಹೋಗಿ 180 ಆರಿಸಬೇಕು. ಡಿಎಸ್‌ಆರ್ ಟಿಕ್ ಆಗಲೇ ತೆಗೆದುಬಿಡಿ.

ಮಾನಿಟರ್ ಮೆನುವಿನಲ್ಲಿ ಅಡಾಪ್ಟಿವ್ ಸಿಂಕ್, ಕಂಟ್ರೋಲ್ ಪ್ಯಾನೆಲ್‌ನಲ್ಲಿ ಜಿ-ಸಿಂಕ್ ಆನ್ ಮಾಡಿದೆ. ಇವೆರಡೂ ಸೇರಿ, ಕಾರ್ಡ್ ಫ್ರೇಮ್ ಕೊಟ್ಟಾಗಲೇ ಪರದೆ ಬದಲಾಗುವ ಹಾಗೆ ಮಾಡುತ್ತವೆ. ಪೆಟ್ಟಿಗೆ ಮೇಲೆ ಇದೇ ಕೆಲಸದ ಎಎಮ್‌ಡಿ ಹೆಸರು ಫ್ರೀಸಿಂಕ್ ಅಂತಷ್ಟೇ ಇದ್ದರೂ ಹೆದರಬೇಡಿ, 2019ರಿಂದ ಎನ್ವಿಡಿಯಾ ಕಾರ್ಡ್‌ಗಳು ಅಂಥ ಪರದೆಗಳ ಜತೆಗೂ ಹೊಂದಿಕೊಳ್ಳುತ್ತವೆ. ಫ್ರೇಮ್ ಮಿತಿಯನ್ನು 175ಕ್ಕೆ ಇಟ್ಟಿದ್ದೇನೆ. ಮಾನಿಟರ್‌ನ ವೇಗಕ್ಕಿಂತ ಸ್ವಲ್ಪ ಕೆಳಗಿದ್ದರೆ ಸಿಂಕ್ ಕೈಬಿಡುವುದಿಲ್ಲ. ಓವರ್‌ಡ್ರೈವ್ (ಪಿಕ್ಸೆಲ್ ಬೇಗ ಬಣ್ಣ ಬದಲಿಸುವಂತೆ ಮಾಡುವ ಸೆಟ್ಟಿಂಗ್) ನಡುವಿನ ಮಟ್ಟದಲ್ಲಿದೆ. ತೀರಾ ಮೇಲಿನ ಮಟ್ಟ ಹಾಕಿದರೆ ಓಡುವ ವಸ್ತುವಿನ ಹಿಂದೆ ಬಿಳಿ ಅಂಚು ಬರುತ್ತದೆ.

ಮಲೆನಾಡಿನ ಕಡೆಯವರು ಯುಪಿಎಸ್ ಲೆಕ್ಕವನ್ನೂ ಇದರ ಜತೆಗೇ ಮಾಡಬೇಕು. ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತೆ ಅಂತ ಹೇಳಕ್ಕಾಗಲ್ಲ. ಈ ಕಾರ್ಡ್ ಒಂದೇ 285 ವ್ಯಾಟ್ ತನಕ ಎಳೆಯುತ್ತದೆ. ಪ್ರೊಸೆಸರ್, ಮಾನಿಟರ್ ಸೇರಿದರೆ 400 ದಾಟುತ್ತದೆ. ಸಾಮಾನ್ಯವಾಗಿ ಸಿಗುವ 600 ವಿಎ (ವೋಲ್ಟ್-ಆಂಪಿಯರ್) ಯುಪಿಎಸ್ ಕೊಡುವುದು 360 ವ್ಯಾಟ್‌ನ ಹತ್ತಿರ, ಆಟದ ಮಧ್ಯೆ ಅದು ತಡೆಯುವುದಿಲ್ಲ. ನಾನು 600 ವ್ಯಾಟ್‌ನದ್ದು ಹಾಕಿಸಿ, ಮಾನಿಟರ್‌ಗೂ ಅದರಿಂದಲೇ ಕೊಟ್ಟಿದ್ದೇನೆ. ಪರದೆ ಕತ್ತಲಾದರೆ ಫೈಲ್ ಉಳಿಸುವುದು ಎಲ್ಲಿಂದ? ಕೊಳ್ಳುವ ಮೊದಲು ವಾರಂಟಿ ಮನೆಗೇ ಬಂದು ನೋಡುವಂಥದ್ದಾ, ನಾವೇ ಹೊತ್ತುಕೊಂಡು ಹೋಗಬೇಕಾ ಅಂತಲೂ ಕೇಳಿ. ಹೊತ್ತು ಹೋಗುವುದಾದರೆ ನಮ್ಮ ಊರಿಂದ ಅದು ಬೆಂಗಳೂರು ಬಸ್ಸಿನ ಮಾತು. ಅದಕ್ಕೇ ಥರ್ಮಾಕೋಲ್ ಸಮೇತ ಪೆಟ್ಟಿಗೆಯನ್ನು ಪ್ಲಾಸ್ಟಿಕ್ ಸುತ್ತಿ, ಥಂಡಿ ತಾಗದ ಹಾಗೆ ಅಟ್ಟದ ಮೇಲೆ ಇಟ್ಟಿದ್ದೇನೆ.