ಧರಣಿಗೆ ಹೊರಡುವ ಹಿಂದಿನ ರಾತ್ರಿ

ನಮ್ಮೂರು ಸಿರವಾರದ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಮೇಲಿನವರ ಗದ್ದೆ ತುಂಬಿದ ಮೇಲೆ ಉಳಿದರೆ ನಮಗೆ ನೀರು. ನೆಲ್ಲು ತೆನೆ ಕಟ್ಟುವಾಗ ಕಾಲುವೆ ಒಣಗಿದರೆ ಸುಮ್ನೆ ಮನೇಲಿ ಕೂರೋಕಾಗುತ್ತಾ? ರಾಯಚೂರಿನ ಡಿಸಿ ಕಚೇರಿ ಮುಂದೆ ಹೋಗಿ ಕೂರುತ್ತೇವೆ. ನಮ್ಮೂರ ಹೆಣ್ಣುಮಕ್ಕಳನ್ನು, ವಯಸ್ಸಾದವರನ್ನು ಕರೆದುಕೊಂಡು ಹೋಗುವ ಜವಾಬ್ದಾರಿ ನನ್ನದು.

ಮೊದಲನೇ ಸಲ ನನಗೇನೂ ಗೊತ್ತಿರಲಿಲ್ಲ. ಮಾರ್ಚ್ ಬಿಸಿಲು. ನಮ್ಮ ಕಾಕಾಗೆ ಶುಗರ್ ಇದೆ. ನಸುಕಿನಲ್ಲೇ ಗಾಡಿ ಬಂತು ಅಂತ ಮಾತ್ರೆ ನುಂಗಿ, ಏನೂ ತಿನ್ನದೆ ಹತ್ತಿಬಿಟ್ಟಿದ್ದರು. ಹನ್ನೊಂದರ ಹೊತ್ತಿಗೆ ಕೈ ನಡುಗಿತು, ಅಂಗಿ ಪೂರ್ತಿ ಬೆವರಿಗೆ ಒದ್ದೆ. ಮಾತು ತೊದಲುತ್ತಿತ್ತು. ಅಕ್ಕಪಕ್ಕ ಕೂತವರಿಗೆ ಅವರು ಯಾರೋ, ಏನೋ. ಶುಗರ್ ತೀರಾ ಕೆಳಗಿಳಿದಿತ್ತು. ಪುಣ್ಯಕ್ಕೆ ಎಚ್ಚರ ಇತ್ತು. ಚಹಾ ಅಂಗಡಿಯಿಂದ ಸಕ್ಕರೆ ತಂದು, ನೀರಲ್ಲಿ ಕದಡಿ ಕುಡಿಸಿದೆವು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕುವಂತಿರಲಿಲ್ಲ, 108ಕ್ಕೇ ಫೋನ್ ಮಾಡಬೇಕಿತ್ತು.

ಅವತ್ತಿನಿಂದ ಒಬ್ಬರನ್ನೂ ಒಂಟಿಯಾಗಿ ಕರೆದೊಯ್ಯುವುದಿಲ್ಲ. ಹಿಂದಿನ ರಾತ್ರಿಯೇ ಇಬ್ಬಿಬ್ಬರ ಜೋಡಿ ಮಾಡುತ್ತೇನೆ. ಜೋಡಿಯವರ ಕಾಯಿಲೆ ಏನು, ಮಾತ್ರೆ ಎಲ್ಲಿಟ್ಟಿದ್ದಾರೆ, ಮನೆಯ ನಂಬರ್ ಯಾವುದು, ಎಲ್ಲಾ ಗೊತ್ತಿರಬೇಕು. ಒಂದಕ್ಕೆ ಹೋದರೂ ಇಬ್ಬರೂ ಹೋಗಬೇಕು. ಹೆಣ್ಣುಮಕ್ಕಳು ಶೌಚಾಲಯ ಸಿಗಲ್ಲ ಅಂತ ನೀರೇ ಕುಡಿಯುವುದಿಲ್ಲ, ಬಿಸಿಲಿಗೆ ಬೀಳುವುದು ಜಾಸ್ತಿ ಅದಕ್ಕೇ. ಹಾಗಾಗಿ ಹತ್ತಿರದ ಶೌಚಾಲಯ ಎಲ್ಲಿದೆ ಅಂತ ಮೊದಲೇ ವಿಚಾರಿಸಿಕೊಂಡಿರುತ್ತೇನೆ.

ಗಂಟಿನಲ್ಲಿ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಬೆಲ್ಲ. ತಲೆಗೆ ಸುತ್ತಲು ಹತ್ತಿ ಟವೆಲ್. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಓಆರ್‌ಎಸ್ ಪಾಕೆಟ್. ಅರ್ಧ ಲೀಟರಿಗೆ ಒಂದು ಹಾಕಿದರೆ ಉಪ್ಪು ಜಾಸ್ತಿಯಾಗುತ್ತದೆ. ಕಾಲಿಗೆ ಬೆಲ್ಟ್ ಇರುವ ಚಪ್ಪಲಿ. ನೂಕುನುಗ್ಗಲಲ್ಲಿ ಕಳಚಿದ ಚಪ್ಪಲಿ ತೆಗೆಯಲು ಬಗ್ಗಿದವರನ್ನು ಜನ ತುಳಿದುಬಿಡುತ್ತಾರೆ.

ಕಾಗದದ ಕೆಲಸವನ್ನೂ ಬಿಡಬಾರದು. ಮನವಿ ಕೊಟ್ಟು, ಪೊಲೀಸರು ಸೀಲ್ ಹಾಕಿದ ಪ್ರತಿ ನಮ್ಮ ಕೈಯಲ್ಲಿ ಇಟ್ಟುಕೊಳ್ಳುತ್ತೇವೆ. ನಿಷೇಧಾಜ್ಞೆ ಇದೆಯಾ ಅಂತ ಕೇಳುತ್ತೇವೆ. ಊರಲ್ಲಿ ಈಗಲೂ ಅದಕ್ಕೆ 144 ಅಂತಲೇ ಅನ್ನುತ್ತಾರೆ. 2024ರ ಜುಲೈ 1ರಿಂದ ಅದು ಹೊಸ ಕಾನೂನಿನ 163ನೇ ಕಲಂ. ಅದು ಜಾರಿಯಲ್ಲಿದ್ದರೆ ಸುಮ್ಮನೆ ಗುಂಪಾಗಿ ನಿಂತರೂ ಕೇಸಾಗಬಹುದು. ಇದನ್ನು ಮುಚ್ಚಿಟ್ಟು ಯಾರನ್ನೂ ಕರೆದುಕೊಂಡು ಹೋಗಬಾರದು.

ಹಿಡಿದರೆ ಏನು ಮಾಡಬೇಕು ಅಂತಲೂ ಹೇಳಿಕೊಡುತ್ತೇನೆ. ಎಳೆದಾಡಬೇಡಿ, ಯಾಕೆ ಹಿಡಿದಿರಿ ಅಂತ ಕೇಳಿ. ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು, ದಾರಿಯ ಸಮಯ ಬಿಟ್ಟು. ಸೂರ್ಯ ಮುಳುಗಿದ ಮೇಲೆ ಹೆಣ್ಣುಮಕ್ಕಳನ್ನು ಸುಲಭಕ್ಕೆ ಬಂಧಿಸುವಂತಿಲ್ಲ. ತೀರಾ ಅಗತ್ಯವಿದ್ದರೂ ಮಹಿಳಾ ಅಧಿಕಾರಿ ಬೇಕು, ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಉಚಿತ ಕಾನೂನು ನೆರವಿಗೆ 15100.

ಜನ ಸೇರಿದ ಮೇಲೆ ನಾವು ಅಂಚಿನಲ್ಲೇ ಕೂರುತ್ತೇವೆ, ಬ್ಯಾರಿಕೇಡ್ ಹತ್ತಿರ ಅಲ್ಲ. ಗುಂಪಿನಿಂದ ಬೇರೆಯಾದರೆ ಎಲ್ಲಿ ಸೇರಬೇಕು ಅಂತ ಗಾಡಿ ಇಳಿದ ಕೂಡಲೇ ಕೈ ಮಾಡಿ ತೋರಿಸುತ್ತೇನೆ. ಯಾರಾದರೂ ಕಲ್ಲು ಎತ್ತಿಕೊಂಡರೆ ಅಲ್ಲಿ ನಮ್ಮವರು ಒಂದು ನಿಮಿಷವೂ ನಿಲ್ಲುವುದಿಲ್ಲ. ನಾವು ಹೋಗಿದ್ದು ನೀರಿಗೆ.

ಫೋನ್ ಕಳೆಯಬಹುದು, ಚಾರ್ಜ್ ಮುಗಿಯಬಹುದು. ಅದಕ್ಕೇ ವಕೀಲರ ನಂಬರ್, ಮನೆಯ ನಂಬರ್ ಎರಡನ್ನೂ ಬಾಲ್‌ಪೆನ್ನಲ್ಲಿ ಮುಂಗೈ ಮೇಲೆ ಬರೆಯುತ್ತೇನೆ. ನಮ್ಮತ್ತೆಗೆ ಓದು ಬರುವುದಿಲ್ಲ. ಮೊದಲ ಸಲ "ನನಗ್ಯಾಕವ್ವಾ ಇದು, ಏನೂ ಆಗಂಗಿಲ್ಲ ಬಿಡು" ಅಂದಿದ್ದರು. ಕಳೆದ ಸಲ ಹೊರಡುವಾಗ ತಾವೇ ಬಳೆ ಮೇಲೇರಿಸಿ, ಹಸಿರು ಹಚ್ಚೆಯ ಕೈಯನ್ನು ದೀಪದ ಕೆಳಗೆ ಚಾಚಿದರು. ಹಚ್ಚೆಯ ಕೆಳಗೆ ಜಾಗ ನೋಡಿ, ದಪ್ಪಗೆ ಎರಡೂ ನಂಬರ್ ಬರೆದೆ.