ಬೂಷ್ಟು ಹಿಡಿದ ಮನೆಗೆ ಬಿಸಿಲು ತೋರಿಸುವುದು: ಕೊಡಗಿನಲ್ಲಿ ಸ್ನೇಹಿತರ ಮನೆ ಶುಚಿಮಾಡಲು ಹೊರಟವರಿಗೆ

ಎರಡು ಮಳೆಗಾಲ ಯಾರೂ ಕಿಟಕಿ ತೆಗೆದು ಗಾಳಿಯಾಡಿಸದ ಮನೆ ಕೊಡಗಿನಲ್ಲಿ ಬಯಲುಸೀಮೆಯ ಮನೆಗಿಂತ ಬಹಳ ಬೇಗ ಕೆಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಒಣಗಲು ಪುರುಸೊತ್ತೇ ಸಿಗುವುದಿಲ್ಲ. ಒಂದು ಹೆಂಚು ಸರಿದರೆ ಸಾಕು, ಅಟ್ಟದಿಂದ ಹಾಸಿಗೆಯವರೆಗೆ ಬೂಷ್ಟು. ಅದರ ಮೇಲೆ ಮನೆಯಲ್ಲಿರುವವರಿಗೆ ಕಾಯಿಲೆಯೋ, ಸಾವಿನ ದುಃಖವೋ, ಒಂಟಿತನವೋ ಸೇರಿಕೊಂಡರೆ ಸಾಮಾನು ರಾಶಿ ಬೀಳುತ್ತದೆ, ಓಡಾಡಲು ಜಾಗ ಇರುವುದಿಲ್ಲ, ನೆಂಟರನ್ನು ಕರೆಯುವುದೂ ನಿಂತುಹೋಗುತ್ತದೆ. ಅಂಥ ಮನೆಗೆ ಸಹಾಯಕ್ಕೆ ಹೊರಟವರು ಎರಡು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಬೇಕು: ಮನೆಯವರನ್ನು ಕೇಳದೆ ಒಂದು ಚೀಟಿಯನ್ನೂ ಎಸೆಯಬಾರದು, ನೀರು ಸೋರುವ ದಾರಿ ಮುಚ್ಚದೆ ಒಂದು ಗೋಡೆಯನ್ನೂ ತೊಳೆಯಬಾರದು. ಕೆಲಸ ಕೆಡುವುದು ಹೆಚ್ಚಾಗಿ ಈ ಎರಡರಲ್ಲೇ.

ಪೊರಕೆಗಿಂತ ಮೊದಲು ಮಾತು

ಮೊದಲ ದಿನ ಬರಿಗೈಯಲ್ಲಿ ಹೋಗಿ. ಕಾಫಿ ಕುಡಿಯುತ್ತಾ ಕೇಳಿ: "ಅಕ್ಕ, ಮೊದಲು ಯಾವ ಜಾಗ ಸರಿಯಾದ್ರೆ ನಿಮಗೆ ಹಗುರ ಅನ್ನಿಸುತ್ತೆ?" ಮಲಗುವ ಮಂಚ ಅನ್ನಬಹುದು, ಬಚ್ಚಲು ಅನ್ನಬಹುದು. ಅವರು ಹೇಳಿದಲ್ಲಿಂದಲೇ ಶುರುವಾಗಲಿ, ನಿಮ್ಮ ಕಣ್ಣಿಗೆ ಅದಕ್ಕಿಂತ ಕೆಟ್ಟದ್ದು ಬೇರೆ ಕಂಡರೂ ಸರಿ. "ಇಷ್ಟೆಲ್ಲ ಯಾಕೆ ಇಟ್ಟುಕೊಂಡಿದ್ದೀರಿ" ಎಂಬ ಮಾತು ಬಾಯಿಗೆ ಬರಬಾರದು. ಸಹಾಯಕ್ಕೆ ಇಬ್ಬರು, ಹೆಚ್ಚೆಂದರೆ ಮೂವರು ಸಾಕು. ಜನ ಹೆಚ್ಚಾದಷ್ಟೂ ಮನೆಯವರು ಮೂಲೆಗೆ ಸರಿದು ಕೂರುತ್ತಾರೆ, ತೀರ್ಮಾನ ಹೊರಗಿನವರ ಕೈಗೆ ಹೋಗುತ್ತದೆ. ಮನೆಯ ಫೋಟೊ ತೆಗೆದು ಯಾವ ವಾಟ್ಸಾಪ್ ಗುಂಪಿಗೂ ಹಾಕಬೇಡಿ.

ಕೆಲವರಿಗೆ ಖಾಲಿ ಬಾಟಲಿ ಬಿಡುವುದೂ ಸಂಕಟ. ಕೈಯಿಂದ ತೆಗೆದುಕೊಂಡರೆ ನಡುಗುತ್ತಾರೆ, ರಾತ್ರಿ ಕಸದಿಂದ ಮತ್ತೆ ಹೆಕ್ಕಿ ತರುತ್ತಾರೆ. ಅದು ಹಟವಲ್ಲ. ವಸ್ತು ಕೂಡಿಡುವ ಈ ತೊಂದರೆಯನ್ನು ಅಮೆರಿಕದ ಮನೋವೈದ್ಯರ ಸಂಘ 2013ರ ಕೈಪಿಡಿಯಲ್ಲಿ ಪ್ರತ್ಯೇಕ ಕಾಯಿಲೆಯಾಗಿಯೇ ಸೇರಿಸಿದೆ. ಅವರಿಲ್ಲದಾಗ ಲಾರಿ ತರಿಸಿ ಖಾಲಿಮಾಡಿದರೆ ಸ್ನೇಹ ಮುರಿಯುತ್ತದೆ, ಮನೆ ಮತ್ತೆ ತುಂಬುತ್ತದೆ. ಹೀಗಿರುವ ಕಡೆ ದಿನಕ್ಕೆ ಒಂದು ಗಂಟೆ, ಒಂದು ಮೇಜು, ಅಷ್ಟೇ ಕೆಲಸ. ಜೊತೆಗೆ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿಸಿ. ಅದು ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಯಾವಾಗ

ಮಳೆಗಾಲದ ನಡುವೆ ದೊಡ್ಡ ಕೆಲಸಕ್ಕೆ ಕೈಹಾಕಬೇಡಿ, ತೊಳೆದದ್ದು ಒಣಗುವುದಿಲ್ಲ. ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣ ಕಳೆದ ಮೇಲೆ, ಕಾಫಿ ಕೊಯ್ಲು ಬಿರುಸಾಗುವ ಮೊದಲು ಸಿಗುವ ವಾರಗಳೇ ಒಳ್ಳೆಯವು: ಆಳುಗಳು ಸಿಗುತ್ತಾರೆ, ಕಾಫಿ ಒಣಗಿಸುವ ಕಣ ಖಾಲಿ ಇರುತ್ತದೆ, ಸಾಮಾನು ಹರಡಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮಧ್ಯಾಹ್ನದ ಮೇಲೆ ಮೋಡ ಕಟ್ಟುವ ಕಾಲವಾದ್ದರಿಂದ ಹರಡಿದ್ದನ್ನು ಮೂರು ಗಂಟೆಗೆ ಒಳಗೆ ತನ್ನಿ. ಅದು ತಪ್ಪಿದರೆ ಮಾರ್ಚ್‌ನಿಂದ ಮೇ.

ಒಳಗೆ ಕಾಲಿಡುವ ಗಂಟೆ

ಎನ್95 ಮಾಸ್ಕ್, ರಬ್ಬರ್ ಕೈಗವಸು, ಗಂಬೂಟು, ತುಂಬುತೋಳಿನ ಅಂಗಿ. ಒಂದು ಟಾರ್ಚು, ಉದ್ದ ಕೋಲು, ಎರಡು ಟಾರ್ಪಾಲು, ಇಪ್ಪತ್ತು ಮೂವತ್ತು ಗೋಣಿಚೀಲ, ಒಂದು ಸ್ಪ್ರೇ ಬಾಟಲಿ, ದಪ್ಪ ಮಾರ್ಕರ್ ಪೆನ್ನು. ಗೊಬ್ಬರದ ಖಾಲಿ ಚೀಲ ಕಸಕ್ಕೆ ಸರಿ, ಬಟ್ಟೆ ತುಂಬಲು ಬೇಡ.

ಮೊದಲು ಮೇನ್ ಸ್ವಿಚ್ ಆರಿಸಿ. ಇಲಿ ಕಡಿದ ವೈರು ಅಟ್ಟದ ಮೇಲೆ ಕಾಣದೆ ಬಿದ್ದಿರುತ್ತದೆ, ಒದ್ದೆ ಗೋಡೆಗೆ ತಾಗಿದರೆ ಕರೆಂಟು ಹೊಡೆಯುತ್ತದೆ. ಮೀಟರಿನ ಕಡೆಯೇ ಸುಟ್ಟ ವಾಸನೆ ಬಂದರೆ ವಿದ್ಯುತ್ ಕಂಪನಿಯಾದ ಸೆಸ್ಕ್‌ಗೆ 1912 ನಂಬರಿನಲ್ಲಿ ತಿಳಿಸಿ, ನೀವು ಮುಟ್ಟಬೇಡಿ. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ ಪೈಪ್ ನೋಡಿ. ಐದು ವರ್ಷ ಮೀರಿದ್ದರೆ ಅಥವಾ ಬಿರುಕು ಕಂಡರೆ ಬದಲಿಸಿಯೇ ಒಲೆ ಹಚ್ಚಬೇಕು.

ದೀಪ ಆರಿದ್ದಾಗಲೇ ಇನ್ನೊಂದು ಕೆಲಸ ಮುಗಿಯುತ್ತದೆ. ನಡುಮಧ್ಯಾಹ್ನ ಕಿಟಕಿ ಮುಚ್ಚಿ, ಅಟ್ಟದ ಕೆಳಗೆ ನಿಂತು ಮೇಲೆ ನೋಡಿ. ಹೆಂಚು ಸರಿದಲ್ಲೆಲ್ಲ ಬೆಳಕಿನ ಚುಕ್ಕೆ ಕಾಣುತ್ತದೆ. ಅದರ ನೇರ ಕೆಳಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಹೆಂಚಿನ ಕೆಲಸದವರಿಗೆ ತೋರಿಸಲು ಸುಲಭ. ನೀವೇ ಛಾವಣಿ ಹತ್ತಬೇಡಿ. ಗೆದ್ದಲು ತಿಂದ ರೀಪು ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ಕಾಲಿಟ್ಟರೆ ಮುರಿಯುತ್ತದೆ. ಗೆದ್ದಲಿನ ಮಣ್ಣಿನ ಗೆರೆ ಕಂಡಲ್ಲಿ ಒಂದಿಂಚು ಮುರಿದು ಬಿಡಿ. ನಾಲ್ಕು ದಿನದಲ್ಲಿ ಮತ್ತೆ ಮಣ್ಣು ಮೆತ್ತಿದ್ದರೆ ಹುಳ ಜೀವಂತ ಇದೆ ಎಂದರ್ಥ, ಔಷಧಿ ಹೊಡೆಯುವವರನ್ನು ಕರೆಸಬೇಕು.

ರಾಶಿಯೊಳಗೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ, ಸ್ವಲ್ಪ ಕಾಯಿರಿ. ಹಳೆ ಚೀಲ, ಸೌದೆ, ಶೂಗಳ ಅಡಿಯಲ್ಲಿ ಚೇಳು, ಕಟ್ಟುಹಾವು, ನಾಗರಹಾವು ಸೇರಿಕೊಂಡಿರುತ್ತವೆ. ಹಾವು ಕಂಡರೆ ಆ ಕೋಣೆಯ ಬಾಗಿಲು ಎಳೆದು, ಬಾಗಿಲ ಸಂದಿಗೆ ಬಟ್ಟೆ ತುರುಕಿ, ಅರಣ್ಯ ಇಲಾಖೆಗೋ ಊರಿನ ಹಾವು ಹಿಡಿಯುವವರಿಗೋ ಹೇಳಿ. ಕಚ್ಚಿದರೆ ಕಟ್ಟು ಕಟ್ಟುವುದು, ಕೊಯ್ಯುವುದು ಯಾವುದೂ ಬೇಡ. ಆ ಕೈಕಾಲು ಅಲ್ಲಾಡಿಸದೆ 108ರಲ್ಲಿ ಆಸ್ಪತ್ರೆಗೆ ಕರೆದೊಯ್ಯಿರಿ.

ಇಲಿ ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಬಾರದು. ಧೂಳಿನ ಜೊತೆ ರೋಗಾಣು ಮೂಗಿಗೆ ಹೋಗುತ್ತದೆ. ಬ್ಲೀಚಿಂಗ್ ನೀರು (ಮಾಡುವ ಕ್ರಮ ಕೆಳಗೆ "ತೊಳೆಯುವುದು" ಭಾಗದಲ್ಲಿದೆ) ಸಿಂಪಡಿಸಿ, ಹತ್ತು ನಿಮಿಷ ಬಿಟ್ಟು, ಹಳೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೂ ಚೀಲಕ್ಕೆ ಹಾಕಿ ಕಟ್ಟಿ. ಬಾವಲಿ ಹಿಕ್ಕೆಗೂ ಹಾಗೆಯೇ. ಇಲಿ ಮೂತ್ರ ತಾಗಿದ ನೀರು ಕಾಲಿನ ಗಾಯಕ್ಕೆ ಸೋಕಿದರೆ ಇಲಿಜ್ವರ ಬರಬಹುದು. ಕೆಲಸ ಮುಗಿಸಿದ ನಂತರದ ಎರಡು ಮೂರು ವಾರದಲ್ಲಿ ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪಾಗುವುದು ಕಂಡರೆ ವೈದ್ಯರ ಬಳಿ ಹೋಗಿ, "ಇಲಿ ಇದ್ದ ಮನೆ ತೊಳೆದೆ" ಎಂದು ಮರೆಯದೆ ಹೇಳಿ.

ವಿಂಗಡಣೆ

ಕಣದಲ್ಲಿ ಟಾರ್ಪಾಲು ಹಾಸಿ ಐದು ಗುಂಪು ಮಾಡಿ: ಇಡುವುದು, ಕೊಡುವುದು, ಗುಜರಿ, ಕಸ, ಮತ್ತು "ಆಮೇಲೆ ನೋಡೋಣ". ಐದನೆಯದು ಮುಖ್ಯ. ಒಂದು ವಸ್ತುವಿನ ಬಗ್ಗೆ ಅರ್ಧ ನಿಮಿಷದಲ್ಲಿ ತೀರ್ಮಾನ ಆಗದಿದ್ದರೆ ಅಲ್ಲಿಗೆ ಹಾಕಿ ಮುಂದೆ ಹೋಗಬಹುದು, ಮನೆಯವರಿಗೂ ಉಸಿರು ಸಿಗುತ್ತದೆ. ಅವರು ಕುರ್ಚಿಯಲ್ಲಿ ಕೂರಲಿ, ನೀವು ಎತ್ತಿ ತೋರಿಸಿ: "ಇದು ಇರಲಾ, ಹೋಗಲಾ?" ಸುಲಭದ್ದು ಮೊದಲು: ಕೊಳೆತ ಆಹಾರ, ಒಡೆದ ಬಾಟಲಿ, ತೀರಿದ ಔಷಧಿ. ಫೋಟೊ, ಪತ್ರ, ತೀರಿಹೋದವರ ಬಟ್ಟೆ ಕೊನೆಗೆ. ಶುರುವಿನಲ್ಲೇ ಆಲ್ಬಮ್ ತೆರೆದರೆ ಆ ದಿನದ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಕಾಗದಕ್ಕೆ ಬೇರೆಯೇ ಒಂದು ಟ್ರಂಕು ಇಡಿ. ಪಹಣಿ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ದಾಖಲೆ, ಕಾಫಿ ಬೋರ್ಡಿನ ಕಾಗದ, ಬ್ಯಾಂಕ್ ಪಾಸ್‌ಬುಕ್, ವಿಮೆ, ಸಾಲ ತೀರಿದ ರಸೀದಿ ಹಳೆ ಪೇಪರಿನ ಮಡಿಕೆಯೊಳಗೂ, ದಿಂಬಿನ ಕವರಿನೊಳಗೂ, ಅಕ್ಕಿ ಡಬ್ಬಿಯೊಳಗೂ ಸಿಗುತ್ತವೆ. ಹಳೆ ಪತ್ರಿಕೆಯ ಕಟ್ಟನ್ನು ಹಾಳೆ ಹಾಳೆಯಾಗಿ ಕೊಡವದೆ ಗುಜರಿಯವರಿಗೆ ಹಾಕಬೇಡಿ. ಒದ್ದೆ ಕಾಗದ ಬಿಸಿಲಿಗೆ ಬೇಡ, ನೆರಳಲ್ಲಿ ಗಾಳಿಗೆ ಒಣಗಲಿ. ಒಂದಕ್ಕೊಂದು ಅಂಟಿದ ಫೋಟೊ ಎಳೆದರೆ ಮುಖವೇ ಕಿತ್ತು ಬರುತ್ತದೆ. ಹಾಗೇ ಕವರಿನಲ್ಲಿಟ್ಟು ಸ್ಟುಡಿಯೋದವರಿಗೆ ಕೊಡಿ.

ಕೊಡಗಿನ ಮನೆಗಳಲ್ಲಿ ಕೋವಿ ಸಿಗುವುದು ಹೊಸತಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಆದರೆ ವಿನಾಯಿತಿ ಮನೆಯವರಿಗೆ, ಸಹಾಯಕ್ಕೆ ಬಂದವರಿಗಲ್ಲ. ಕೋವಿ ಕಂಡರೆ ತೋಟಾ ತುಂಬಿದೆ ಎಂದೇ ತಿಳಿದು, ಮುಟ್ಟದೆ, ಮನೆಯವರನ್ನು ಕರೆಯಿರಿ. ವಿನಾಯಿತಿ ಪತ್ರವನ್ನು ಕಾಗದದ ಟ್ರಂಕಿಗೆ ಹಾಕಿ. ತುಕ್ಕು ಹಿಡಿದ ತೋಟಾಗಳನ್ನು ಕಸಕ್ಕೂ ಬೆಂಕಿಗೂ ಹಾಕಬಾರದು, ಮನೆಯವರ ಮೂಲಕ ಠಾಣೆಗೆ ತಿಳಿಸಿ. ಪೀಚೆಕತ್ತಿ, ಒಡಿಕತ್ತಿ, ನೆಲ್ಲಕ್ಕಿಯ (ನಡುಮನೆಯ) ದೀಪ, ಪೂಜೆಯ ಕೋಣೆಯಾದ ಕನ್ನಿಕೋಂಬರೆಯಲ್ಲಿರುವ ಯಾವುದೇ ವಸ್ತು ಮನೆಯ ಹಿರಿಯರ ಕೈಯಿಂದಲೇ ಕದಲಬೇಕು.

ಉಗ್ರಾಣದಲ್ಲಿ ತೋಟದ ಔಷಧಿ ಡಬ್ಬಿಗಳೂ ಇರುತ್ತವೆ. 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿದ ಎಂಡೋಸಲ್ಫಾನ್ ಕೂಡ ಮೂಲೆಯಲ್ಲಿ ಉಳಿದಿರಬಹುದು. ಚೀಟಿ ಕಿತ್ತುಹೋದ ಬಾಟಲಿಯ ಮುಚ್ಚಳ ತೆಗೆದು ಮೂಸಬೇಡಿ, ತೋಡಿಗೆ ಸುರಿಯಬೇಡಿ. ಆ ನೀರು ಕಾವೇರಿಗೇ ಸೇರುತ್ತದೆ. ಬಕೆಟ್ಟಿನಲ್ಲಿ ಮರಳು ಹಾಕಿ ಬಾಟಲಿಗಳನ್ನು ನೆಟ್ಟಗೆ ನಿಲ್ಲಿಸಿ, ಬೀಗವಿರುವ ಕೋಣೆಯಲ್ಲಿಟ್ಟು, ಎಲ್ಲಿಗೆ ಒಪ್ಪಿಸಬೇಕೆಂದು ಕೃಷಿ ಇಲಾಖೆಯವರನ್ನು ಕೇಳಿ. ಕಾಚಂಪುಳಿ (ಕೊಡಗಿನ ಅಡುಗೆಯ ಕಪ್ಪು ಹುಳಿ) ಬಾಟಲಿ ಸಿಕ್ಕರೆ ಎಸೆಯಬೇಡಿ, ಭದ್ರವಾಗಿ ಮುಚ್ಚಿದ್ದರೆ ವರ್ಷಗಟ್ಟಲೆ ಕೆಡದು.

ಪ್ಲಾಸ್ಟಿಕ್ ಸುಡಬೇಡಿ. ಒಣಕಸ ಪಂಚಾಯಿತಿ ಗಾಡಿಗೆ ಹೋಗಲಿ. ಕೊಳೆತ ಅಕ್ಕಿ, ಹಲಸು, ಉಪ್ಪಿನ ಚೀಲ ಅಂಗಳದಲ್ಲಿ ರಾತ್ರಿ ಉಳಿಯಬಾರದು. ಸಿದ್ದಾಪುರ, ಪೊನ್ನಂಪೇಟೆ ಕಡೆ ಆ ವಾಸನೆಗೆ ಆನೆ ಬರುತ್ತದೆ. ಅಂದೇ ಗುಂಡಿ ತೋಡಿ ಮುಚ್ಚಿ.

ತೊಳೆಯುವುದು

ಮೇಲಿನಿಂದ ಕೆಳಕ್ಕೆ, ಒಳಗಿನಿಂದ ಬಾಗಿಲ ಕಡೆಗೆ. ಮೊದಲು ಇಲ್ಲಣ ಮತ್ತು ಜೇಡರ ಬಲೆ, ಆಮೇಲೆ ಗೋಡೆ, ಕೊನೆಗೆ ನೆಲ.

ಬ್ಲೀಚಿಂಗ್ ನೀರಿಗೆ ಒಂದು ಲೀಟರ್ ನೀರಿಗೆ 15 ಗ್ರಾಂ, ಅಂದರೆ ದೊಡ್ಡ ಚಮಚ ಒಂದು, ಬ್ಲೀಚಿಂಗ್ ಪೌಡರ್. ಕದಡಿ, ಕಾಲು ಗಂಟೆ ಬಿಟ್ಟು, ಮೇಲಿನ ತಿಳಿನೀರನ್ನು ಮಾತ್ರ ಬಳಸಿ. ಅಂದಂದಿನದು ಅಂದಂದಿಗೆ. ಪೊಟ್ಟಣ ಗಂಟುಗಟ್ಟಿ ಘಾಟು ಹೋಗಿದ್ದರೆ ಅದರಲ್ಲಿ ಶಕ್ತಿ ಉಳಿದಿಲ್ಲ. ನಮ್ಮ ಥಂಡಿಗೆ ಅದು ಬೇಗ ಕೆಡುತ್ತದೆ, ಹೊಸದನ್ನೇ ತನ್ನಿ. ಇದನ್ನು ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ, ವಿನೆಗರ್ ಅಥವಾ ಕಾಚಂಪುಳಿಯ ಜೊತೆ ಎಂದೂ ಬೆರೆಸಬಾರದು. ಹುಟ್ಟುವ ಕ್ಲೋರಿನ್ ಅನಿಲ ಮುಚ್ಚಿದ ಬಚ್ಚಲಿನಲ್ಲಿ ಪ್ರಾಣಕ್ಕೇ ಕುತ್ತು. ಟಾಯ್ಲೆಟ್‌ಗೆ ಒಂದು ದಿನ ಆಸಿಡ್ ಬಳಸಿದರೆ, ಚೆನ್ನಾಗಿ ನೀರು ಹೊಯ್ದು, ಬ್ಲೀಚಿಂಗ್ ಮಾರನೇ ದಿನ.

ಸಿಮೆಂಟು ಗೋಡೆ, ಟೈಲ್ಸ್‌ನ ಬೂಷ್ಟನ್ನು ಮೊದಲು ಒದ್ದೆ ಮಾಡಿ, ಸೋಪಿನ ನೀರಿನಲ್ಲಿ ಉಜ್ಜಿ, ಆಮೇಲೆ ಬ್ಲೀಚಿಂಗ್ ನೀರು ಬಳಿದು ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಮರಕ್ಕೆ ಬ್ಲೀಚಿಂಗ್ ಬೇಡ: ಬಣ್ಣ ಹೋಗುತ್ತದೆ, ಬೂಷ್ಟಿನ ಬೇರು ಒಳಗೇ ಉಳಿಯುತ್ತದೆ. ಸೋಪಿನ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಎರಡು ಮೂರು ದಿನ ಗಾಳಿಗಿಡಿ. ಮಣ್ಣಿನ ಗೋಡೆಗೆ ಪ್ಲಾಸ್ಟಿಕ್ ಪೇಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಪದರ ಪದರವಾಗಿ ಉದುರುತ್ತದೆ. ಅದಕ್ಕೆ ಸುಣ್ಣವೇ ಸರಿ. ಸುಣ್ಣದ ಕ್ಷಾರ ಬೂಷ್ಟನ್ನು ತಡೆಯುತ್ತದೆ. ಸುಣ್ಣದ ಕಲ್ಲಿಗೆ ನೀರು ಹಾಕಿದಾಗ ಕುದಿಯುತ್ತದೆ, ಕಣ್ಣಿಗೆ ಕನ್ನಡಕ ಇರಲಿ, ಮಕ್ಕಳು ದೂರ ಇರಲಿ.

ರೆಡ್ ಆಕ್ಸೈಡ್ ನೆಲಕ್ಕೆ ಆಸಿಡ್ ತಾಗಿಸಬೇಡಿ, ಹೊಳಪು ಶಾಶ್ವತವಾಗಿ ಹೋಗುತ್ತದೆ. ಬಿಸಿನೀರು, ಸೋಪು, ತೆಂಗಿನ ನಾರು ಸಾಕು. ಪೂರ್ತಿ ಒಣಗಿದ ಮೇಲೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಟ್ಟೆಗೆ ಹಾಕಿ ತಿಕ್ಕಿದರೆ ಕೆಂಪು ಏಳುತ್ತದೆ. ಹೆಚ್ಚಾದರೆ ಜಾರುತ್ತದೆ.

ಅಡುಗೆಮನೆಯ ಜಿಡ್ಡಿಗೆ ಹತ್ತು ಲೀಟರ್ ಬಿಸಿನೀರಿಗೆ 100 ಗ್ರಾಂ ವಾಷಿಂಗ್ ಸೋಡಾ. ಇದರಲ್ಲಿ ಅಲ್ಯೂಮಿನಿಯಂ ಪಾತ್ರೆ ಅದ್ದಿದರೆ ಕಪ್ಪಾಗುತ್ತದೆ. ಬಹಳ ದಿನ ಆರಿದ್ದ ಫ್ರಿಜ್ಜನ್ನು ಮನೆಯೊಳಗೆ ತೆರೆಯಬೇಡಿ. ಹಗ್ಗದಿಂದ ಬಾಗಿಲು ಬಿಗಿದು ಅಂಗಳಕ್ಕೆ ತಂದು ತೆರೆಯಿರಿ. ಮಾಂಸ ಕೊಳೆತಿದ್ದರೆ ಅದನ್ನು ಉಳಿಸುವ ಯೋಚನೆ ಬಿಡುವುದೇ ಒಳ್ಳೆಯದು.

ಹತ್ತಿಯ ಹಾಸಿಗೆ, ದಿಂಬಿನ ಒಳಗೆ ಬೂಷ್ಟು ಇಳಿದಿದ್ದರೆ ಬಿಸಿಲಿಗೂ ಹೋಗದು, ಎಸೆಯಬೇಕು. ರೇಷ್ಮೆ ಸೀರೆ, ಕೊಡವ ಗಂಡಸರ ಉದ್ದ ಅಂಗಿ ಕುಪ್ಯ, ಸೊಂಟಕ್ಕೆ ಕಟ್ಟುವ ಚೇಲೆಗಳನ್ನು ಒಳಮಗ್ಗುಲು ಹೊರಗೆ ಮಾಡಿ ನೆರಳಲ್ಲಿ ಹರಡಿ, ಮೆತ್ತನೆಯ ಬ್ರಶ್ಶಿನಿಂದ ಕೊಡವಿ, ಹಳೆಯ ಮಡಿಕೆ ಬಿಟ್ಟು ಹೊಸ ಮಡಿಕೆ ಹಾಕಿ, ಹತ್ತಿ ಬಟ್ಟೆಯಲ್ಲಿ ಸುತ್ತಿಡಿ.

ನೀರಿನ ಟ್ಯಾಂಕು ಕೊನೆಗೆ. ಖಾಲಿ ಮಾಡಿ, ಉಜ್ಜಿ, ಸಾವಿರ ಲೀಟರ್ ನೀರಿಗೆ 170 ಗ್ರಾಂ ಬ್ಲೀಚಿಂಗ್ ಪೌಡರಿನ ತಿಳಿನೀರು ಬೆರೆಸಿ. ನಲ್ಲಿಗಳನ್ನು ತೆರೆದು ಘಾಟು ಬಂದ ಮೇಲೆ ಮುಚ್ಚಿ, ರಾತ್ರಿಯಿಡೀ ಬಿಟ್ಟು, ಪೂರ್ತಿ ಚೆಲ್ಲಿ ಹೊಸ ನೀರು ತುಂಬಿ. ಆ ರಾತ್ರಿಯ ಕುಡಿಯುವ ನೀರನ್ನು ಮೊದಲೇ ತೆಗೆದಿಟ್ಟುಕೊಳ್ಳಿ.

ಮತ್ತೆ ಕೆಡದಂತೆ

ಬೀರು, ಮಂಚ, ಪೆಟ್ಟಿಗೆ ಹೊರಗೋಡೆಯಿಂದ ನಾಲ್ಕು ಬೆರಳು ದೂರ, ನೆಲದಿಂದ ಒಂದು ಇಟ್ಟಿಗೆ ಮೇಲೆ. ಮಳೆ ನಿಂತ ಗಳಿಗೆಯಲ್ಲಿ ಎದುರುಬದುರು ಕಿಟಕಿ ತೆರೆಯಬೇಕು. ಒದ್ದೆ ಬಟ್ಟೆ ಮಲಗುವ ಕೋಣೆಯಲ್ಲಿ ಒಣಗಿಸಿದರೆ ಆ ತೇವವೆಲ್ಲ ಗೋಡೆಗೇ, ಹಂಡೆ ಒಲೆಯ ಪಕ್ಕದ ಜಂತಿಗೆ ಹಗ್ಗ ಕಟ್ಟಿಕೊಡಿ. "ಆಮೇಲೆ ನೋಡೋಣ" ಚೀಲಗಳ ಮೇಲೆ ತಿಂಗಳ ಹೆಸರು ಬರೆದು, ಆ ತಿಂಗಳು ಬಂದಾಗ ನೀವೇ ಹೋಗಿ ಜೊತೆಯಲ್ಲಿ ಕೂತು ಬಿಚ್ಚಿ. ಜುಲೈನ ಮಳೆ ಹಿಡಿದ ವಾರ ಒಮ್ಮೆ ಹೋಗಿ ಬೀರುವಿನ ಹಿಂದೆ ಟಾರ್ಚು ಹಾಕಿ ನೋಡಿ: ಗೋಡೆ ಮುಟ್ಟಿದಾಗ ಬೆರಳಿಗೆ ತೇವ ಹತ್ತಿದರೆ ಹೆಂಚಿನವರನ್ನು ಇನ್ನೊಮ್ಮೆ ಕರೆಯಬೇಕು.